ಅಮ್ಮನ ಕಡೆಯ ಬೀಪಿ

ಮಕ್ಕಳ ರ‍್ಯಾಂಕಿನ ಬಗ್ಗೆ, ಅಳಿಯನ ಹುದ್ದೆಯ ಬಗ್ಗೆ ಜಂಬ ಕೊಚ್ಚಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ತಮ್ಮ ಬೀಪಿಯ ಬಗ್ಗೆ ಜಂಬಪಟ್ಟವರನ್ನು ನೋಡಿದ್ದು ಒಬ್ಬರನ್ನೇ. ಅವರು ಕುಂಬಾರಕೊಪ್ಪಲಿನ ನಮ್ಮ ಓನರಮ್ಮ. ಹೋದ ತಿಂಗಳು ಲಿಂಗೈಕ್ಯರಾದರು. ಅದೇ ಬೀಪಿ. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕರೆದುಕೊಂಡು ಹೋಯಿತು. ಅವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದು ಎಷ್ಟೋ ವರ್ಷವಾಯಿತು. ಈಗ ಕೆಳಗಿನಿಂದ ಯಾರೂ ನನ್ನನ್ನು ಕೂಗಿ ಕರೆಯುವುದಿಲ್ಲ. ಕಾಲೇಜಿನಿಂದ ಬಂದು ಸುಮ್ಮನೆ ಬೀಗ ತೆಗೆದು ಒಳಗೆ ಹೋಗುತ್ತೇನೆ. ಹಾಗೆ ಹೋಗುವುದು ಇಷ್ಟೊಂದು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಮೊದಲ ದಿನ ಅವರು ನನಗೆ ಹಿಡಿಸಿರಲಿಲ್ಲ. ನಾನು ಮಿತಭಾಷಿ, ಸ್ವಲ್ಪ ಸಿಡುಕಿ. ಇಡೀ ದಿನ ಪಿಯು ಹುಡುಗರಿಗೆ ರಸಾಯನಶಾಸ್ತ್ರ ಹೇಳಿ ಗಂಟಲು ಒಣಗಿಸಿಕೊಂಡು ಬಂದವಳಿಗೆ ಮನೆಯಲ್ಲಿ ಮೌನ ಬೇಕು. ಮನೆ ನೋಡಲು ಹೋದಾಗ ಅವರು ನನ್ನ ಕೆಲಸ ಕೇಳಲಿಲ್ಲ, ಜಾತಿ ಕೇಳಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನಲ್ಲಿ ಮಿಣುಗುವ ಬೇಸರಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಉಪ್ಪು ಎಂಗ್ ತಿಂತೀರಾ ಟೀಚ್ರೇ? ಜಾಸ್ತಿಯಾ?" ಎಂದರು. ಸಾಧಾರಣ ಎಂದೆ. "ತಿನ್ನಿ ತಿನ್ನಿ, ನಿಮ್ಗೇನು ಅಡ್ಡಿ. ನಮ್ಮನೇಲಿ ಅಂಗಿಲ್ಲ ಕಣ್ರೀ. ನಮ್ದು ಬೀಪಿ ಮನೆತನ."

ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೆ ಬೀಪಿ ಏರಿದೆ ಎಂದರೆ ಯಾರಿಗೋ ಮಂಗಳಾರತಿ ಕಾದಿದೆ ಎಂದರ್ಥ. ಓನರಮ್ಮನ ಬಾಯಲ್ಲಿ ಬೀಪಿ ಎಂದರೆ ಸಿಟ್ಟಲ್ಲ, ಆಸ್ತಿ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತಮಗೆ, ತಮ್ಮಿಂದ ಮಗಳಿಗೆ, ಕಾಸಿನ ಸರದ ಹಾಗೆ ಇಳಿದು ಬಂದದ್ದು. ಭಾನುವಾರ ಜಗಲಿಯ ಮೇಲೆ ಬೀಪಿ ಮಿಷನ್ನು ಇಟ್ಟುಕೊಂಡು ಕೂತರೆ ಬೀದಿಯವರೆಲ್ಲ ಬಂದು ತೋಳು ಕೊಡಬೇಕು. ತರಕಾರಿ ಗಾಡಿಯವನೂ ತಪ್ಪಿಸಿಕೊಳ್ಳುವಂತಿರಲಿಲ್ಲ. ನನ್ನ ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ, "ಥೂ, ಇದೇನ್ರೀ ಸಪ್ಪೆ ಬೀಪಿ! ನೂರಾ ಹತ್ತು! ಇದನ್ನಿಟ್ಕೊಂಡು ಹುಡುಗ್ರಿಗೆ ಎಂಗ್ ಗದರಿಸ್ತೀರಿ?" ಎಂದು ಎಲ್ಲರೆದುರು ಮರ್ಯಾದೆ ಕಳೆದಿದ್ದರು.

ಊಟದಲ್ಲಿ ಉಪ್ಪಿಲ್ಲದ ಸಂಕಟ ಅವರಿಗೆ ಇತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ದಿನಕ್ಕೊಮ್ಮೆಯಾದರೂ ಹೇಳಿ, ಮಗಳ ತಟ್ಟೆಗೆ ಸಪ್ಪೆ ಸಾರು ಬಡಿಸುತ್ತ, "ಮೊದಲ್ನೇದನ್ನ ಡಾಕ್ಟ್ರು ಕಿತ್ಕೊಂಡ್ಬುಟ್ರು, ಎರಡ್ನೇದು ನಾನಿದೀನಲ್ಲ, ತಿನ್ನು ಸುಮ್ನೆ" ಎನ್ನುತ್ತಿದ್ದರು.

ಮಗಳಿಗೆ ಆಗ ಮೂವತ್ತರ ಮೇಲೆ ವಯಸ್ಸು. ತಂದೆ ಹೋದ ಮೇಲೆ ದೇವರಾಜ ಮೊಹಲ್ಲಾದ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ವಿಭೂತಿ, ಕರ್ಪೂರ, ಊದುಬತ್ತಿ, ರುದ್ರಾಕ್ಷಿ ಮಾರುವ ಸಣ್ಣ ಅಂಗಡಿ. ತಾಯಿಯ ಮಾತಿನ ಮಳೆಯಲ್ಲಿ ಬೆಳೆದದ್ದಕ್ಕೋ ಏನೋ, ಅವಳಿಗೆ ಮಾತು ಕಡಿಮೆ, ನಗು ಜಾಸ್ತಿ. ಅವಳ ಮೈಯಲ್ಲಿದ್ದದ್ದೆಲ್ಲ ತಮ್ಮದೇ ಎಂಬುದು ಓನರಮ್ಮನ ವಾದ. ಮೂಗು ನನ್ನದು, ಸೀನು ನನ್ನದು, ಎಡಗೈ ರೂಢಿ ನಮ್ಮಪ್ಪನದು. ಇಬ್ಬರ ಮೂಗಿಗೂ ಅಂಥ ಸಂಬಂಧವೇನೂ ನನಗೆ ಕಾಣುತ್ತಿರಲಿಲ್ಲ. ಆದರೆ ಅವರೆದುರು ಹಾಗೆಂದು ಹೇಳುವ ಧೈರ್ಯ ಆ ಬೀದಿಯಲ್ಲಿ ಯಾರಿಗಿತ್ತು?

ಅವಳಿಗೆ ಲೂಪಸ್ ಎಂಬ ಕಾಯಿಲೆ ಇತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ. ಚರ್ಮ, ಕೀಲು, ರಕ್ತನಾಳ, ಹೀಗೆ ಮೈಯನ್ನು ಹಿಡಿದು ಜೋಡಿಸಿಟ್ಟಿರುವುದನ್ನೆಲ್ಲ ಅದು ಕೆಣಕುತ್ತದೆ. ಓನರಮ್ಮ ಅದಕ್ಕೆ ತಮ್ಮದೇ ವ್ಯಾಖ್ಯಾನ ಕೊಟ್ಟಿದ್ದರು: "ದೇವ್ರು ಮೈ ಹೊಲಿದ ದಾರ ಅಲ್ಲಲ್ಲಿ ಸಡಿಲ ಆಗೈತಂತೆ ಕಣ್ರೀ, ಅಷ್ಟೇ." ಮಗಳಿಗೆ ಬಿಸಿಲಾಗದು ಎಂದರೆ "ನಂಗೂ ಆಗಲ್ಲ" ಎನ್ನುವರು, ಅದೇ ಮಧ್ಯಾಹ್ನ ಕೊಡೆಯಿಲ್ಲದೆ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡಿ ಬರುವರು. ಧನುರ್ಮಾಸದ ಚಳಿಗೆ ಮಗಳ ಬೆರಳ ತುದಿ ನೀಲಿಗಟ್ಟಿದರೆ, ತಾವೂ ತಣ್ಣೀರಲ್ಲಿ ಕೈಯದ್ದಿ, "ನೋಡಿ, ನಂದೂ ಅಂಗೇ" ಎಂದು ನಮ್ಮ ಮುಂದೆ ಚಾಚುವರು. ಆ ಕೈ ಕೆಂಪಗೆ ಗುಂಡುಗುಂಡಗೆ ಇರುತ್ತಿತ್ತು. ನಾವು ಹೌದು ಹೌದು ಎನ್ನುತ್ತಿದ್ದೆವು. ಅದನ್ನೆಲ್ಲ ನಾನು ಮುದುಕಿಯ ತಮಾಷೆ ಎಂದುಕೊಂಡಿದ್ದೆ.

ಮಗಳಿಗೆ ಬೀಪಿ ಶುರುವಾದಾಗ ಅವರ ಮುಖದಲ್ಲಿ ಕಂಡದ್ದು ಗಾಬರಿಯಲ್ಲ, ಗೆದ್ದ ಭಾವ. ಅವರ ಮನೆಗೆ ಹಳೆಯ ಡಾಕ್ಟರೊಬ್ಬರಿದ್ದರು, ಒಳ್ಳೆಯ ಮನುಷ್ಯ. ಅವರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದರು, "ಮನೇಲಿ ಯಾರಿಗಾದ್ರೂ ಬೀಪಿ ಇದ್ಯಾ?" ಓನರಮ್ಮ ಕುರ್ಚಿಯಲ್ಲಿ ನೆಟ್ಟಗಾದರು. "ನಂದೇ ಬಂದಿರೋದು ಡಾಕ್ಟ್ರೇ. ನಂಗೂ ಇದೇ ವಯಸ್ಸಲ್ಲಿ ಶುರುವಾಯ್ತು. ನಮ್ಮವ್ವಂಗೂ ಇತ್ತು." ವಂಶದ ಬೀಪಿ ಎಂದಾಯಿತು. ತಾಯಿ ನುಂಗುತ್ತಿದ್ದ ಮಾತ್ರೆಯೇ ಮಗಳಿಗೂ ಬಂತು. ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು, ಒಂದೇ ಚೊಂಬಿನ ನೀರಲ್ಲಿ ಒಂದೇ ಬಣ್ಣದ ಮಾತ್ರೆ ನುಂಗುತ್ತಿದ್ದರು. ಆ ಹೊತ್ತಿನಲ್ಲಿ ಓನರಮ್ಮನ ಮುಖ ನೋಡಬೇಕಿತ್ತು. ಹಬ್ಬದ ದಿನ ಮಗಳಿಗೂ ತಮಗೂ ಒಂದೇ ಥರದ ಸೀರೆ ತಂದವರ ಹಾಗೆ ಇರುತ್ತಿದ್ದರು.

ಮಾತ್ರೆಯ ಪ್ರಮಾಣ ಏರುತ್ತ ಹೋಯಿತು, ಬೀಪಿ ಇಳಿಯಲಿಲ್ಲ. ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ಕೆಳಗೆ ಊತ ಕಾಣತೊಡಗಿತು. ಹಳೆಯ ಡಾಕ್ಟರೇ ಅವಳನ್ನು ಇಂಥ ಕಾಯಿಲೆಗಳನ್ನಷ್ಟೇ ನೋಡುವ ಒಬ್ಬ ಲೇಡಿ ಡಾಕ್ಟರ ಹತ್ತಿರ ಕಳಿಸಿದರು. ನನ್ನ ಹಳೆಯ ಕಾರಿನಲ್ಲಿ ಮೂವರೂ ಹೋದೆವು. ಹೊರಡುವ ಮೊದಲು ಓನರಮ್ಮ ಮಗಳ ಹಣೆಗೆ ವಿಭೂತಿ ಹಚ್ಚಿದರು. ನನಗೂ ಹಚ್ಚಿದರು, ಕಾರಿನ ಸ್ಟೀರಿಂಗಿಗೂ ಹಚ್ಚಿದರು.

ಆ ಡಾಕ್ಟರು ಚಿಕ್ಕ ವಯಸ್ಸಿನವರು, ಆತುರವಿಲ್ಲದವರು. ಮೂತ್ರದ ಪರೀಕ್ಷೆಯ ವರದಿ ನೋಡಿ ಹೇಳಿದರು: "ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ತುಂಬಾ ಕಾಲ ಬೀಪಿ ಇದ್ರೂ ಸ್ವಲ್ಪ ಹೋಗುತ್ತೆ. ಆದ್ರೆ ಲೂಪಸ್ ಕಿಡ್ನಿಗೆ ಇಳಿದಿದ್ರೂ ಹೀಗೇ ಆಗುತ್ತೆ, ಬೀಪಿ ಏರೋದೂ ಅದ್ರಿಂದ್ಲೇ ಇರಬಹುದು. ಯಾವುದು ಅಂತ ಗೊತ್ತಾಗ್ಬೇಕಾದ್ರೆ ಬಯಾಪ್ಸಿ ಮಾಡ್ಬೇಕು. ಸೂಜಿ ಹಾಕಿ ಕಿಡ್ನಿಯಿಂದ ಒಂದು ಎಳೆ ತೆಗೆದು ನೋಡೋದು."

"ಸೂಜಿ ಗೀಜಿ ಏನೂ ಬ್ಯಾಡ," ಎಂದರು ಓನರಮ್ಮ. "ಇದು ನಮ್ಮನೆ ಬೀಪಿ. ಅಮ್ಮನ ಕಡೇದು. ನಂಗೆ ಎಪ್ಪತ್ತಾಯ್ತು, ಗುಂಡುಕಲ್ಲಿನಂಗಿದೀನಿ. ಅವ್ಳೂ ಇರ್ತಾಳೆ."

ಡಾಕ್ಟರು ಮಗಳ ಕಡೆ ತಿರುಗಿದರು. ಅವಳು ತಾಯಿಯ ಮುಖ ನೋಡಿ, "ಅಮ್ಮ ಹೇಳ್ದಂಗೇ ಆಗ್ಲಿ ಡಾಕ್ಟ್ರೇ. ಸ್ವಲ್ಪ ದಿನ ನೋಡೋಣ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯನ್ನು ಒಬ್ಬಳೇ ನಡೆಸುವ ಹೆಂಗಸು, ತನ್ನ ಜೀವದ ವಿಷಯದಲ್ಲಿ ಹೀಗೆ ಸೆರಗು ಹಿಡಿದ ಮಗುವಾಗುವುದೇ?

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ಅಮ್ಮಾ, ಬೀಪಿ ಯಾವುದೋ ಒಂದು ಜೀನ್‌ನಿಂದ ಬರೋದಲ್ಲ, ಹತ್ತಾರು ಸೇರಿ ಬರೋದು. ಲೂಪಸ್ ಬರೋ ಒಲವೂ ರಕ್ತದಲ್ಲಿ ಇಳಿದು ಬರಬಹುದು. ಲೂಪಸ್ ಬಂದ್ರೆ ಅದು ಕಿಡ್ನಿಗೆ ಬೇಗ ಪೆಟ್ಟು ಕೊಡೋ ಒಲವೂ ಹಾಗೇ. ಅದಕ್ಕೆ ನಿಮ್ಮ ವಿಷಯ ನಂಗೆ ಸರಿಯಾಗಿ ಬೇಕು" ಎಂದು ಪೆನ್ನು ತೆಗೆದರು. "ಇವ್ರು ಹೊಟ್ಟೇಲಿದ್ದಾಗ ನಿಮ್ಗೆ ಬೀಪಿ ಇತ್ತಾ? ಕಾಲು ಊದಿತ್ತಾ?"

ಓನರಮ್ಮ ಉತ್ತರ ಹೇಳಲು ತಡಮಾಡಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಆಮೇಲೆ ಒಮ್ಮೆಲೇ ಶುರುಮಾಡಿದರು. ಬೀಪಿ ಇತ್ತು, ವಾಂತಿ ಇತ್ತು, ಹುಣಿಸೇಹಣ್ಣಿನ ಬಯಕೆ ಇತ್ತು, ಮಗು ಒದೆಯುತ್ತಿದ್ದದ್ದು ಬಲಗಡೆಗೆ. ಕಾಲು ಮಾತ್ರ ಊದಿರಲಿಲ್ಲ ಎಂದು ಎರಡು ಸಲ ಹೇಳಿದರು. ಮಗಳು ತನ್ನ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಡಾಕ್ಟರು ಎಲ್ಲವನ್ನೂ ಬರೆದುಕೊಂಡು, "ಸರಿ. ಆದ್ರೂ ಬಯಾಪ್ಸಿ ಬಗ್ಗೆ ಯೋಚ್ನೆ ಮಾಡಿ. ತಡ ಆದಷ್ಟೂ ಕಿಡ್ನಿ ಹೋಗುತ್ತೆ, ಹೋದದ್ದು ವಾಪಸ್ ಬರಲ್ಲ" ಎಂದು ಕಳಿಸಿಕೊಟ್ಟರು.

ಮಗಳನ್ನು ಅಂಗಡಿಯ ಹತ್ತಿರ ಇಳಿಸಿದೆವು. ಕೊಡೆ ಬಿಚ್ಚಿ, ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಅವಳು ಮರೆಯಾಗುವವರೆಗೂ ಓನರಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ನಾನು ಕಾರು ಹೊರಡಿಸಿದೆ. ನಾನು ಇನ್ನೂ ಸಿಟ್ಟಿನಲ್ಲಿದ್ದೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಬಂದಾಗ ಅವರು ನನ್ನ ತೋಳು ಹಿಡಿದರು.

"ಗಾಡಿ ತಿರುಗ್ಸಿ ಟೀಚ್ರೇ."

"ಏನಾದ್ರೂ ಬಿಟ್ಟು ಬಂದ್ರಾ?"

"ಕಾಲು ಊದಿತ್ತಾ ಅಂದ್ರಲ್ಲ ಆ ಡಾಕ್ಟ್ರು. ಊದಿತ್ತು ಕಣ್ರೀ. ಕಂಬದಂಗೆ ಊದಿತ್ತು. ಆದ್ರೆ ನಂದಲ್ಲ."

ನಾನು ಕಾರನ್ನು ಪಕ್ಕಕ್ಕೆ ಹಾಕಿದೆ. ಅವರು ಹೇಳುತ್ತ ಹೋದರು. ಮಗಳನ್ನು ಹೆತ್ತವಳು ಓನರಮ್ಮನ ಯಜಮಾನರ ಚಿಕ್ಕಪ್ಪನ ಮಗಳು. ನಂಜನಗೂಡಿನ ಕಡೆಗೆ ಕೊಟ್ಟಿದ್ದರು. ತಾಯಿಯಿಲ್ಲದ ಹುಡುಗಿಯಾದ್ದರಿಂದ ಬಾಣಂತನಕ್ಕೆ ಇವರ ಮನೆಗೇ ಬಂದಿದ್ದಳು. ಕೆನ್ನೆ ಎರಡೂ ಕೆಂಪಗೆ ದದ್ದುಗಟ್ಟಿತ್ತು, ಬೆರಳು ಮಡಚಲಾಗುತ್ತಿರಲಿಲ್ಲ, ಮುಖ ಕಾಲು ಊದಿಕೊಂಡಿತ್ತು. ಬಸುರಿ ಊತ, ಹೆತ್ತರೆ ಇಳಿಯುತ್ತದೆ ಎಂದರು ಎಲ್ಲರೂ. ಹೆತ್ತ ಮೇಲೂ ಇಳಿಯಲಿಲ್ಲ. ಕಿಡ್ನಿ ಕೆಲಸ ಮಾಡುತ್ತಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ಮಗು ಮಗ್ಗುಲು ಹೊರಳುವ ಮೊದಲೇ ಅವಳು ಹೋದಳು. ಗಂಡ ಬೇರೆ ಮದುವೆಯಾದ. ಮಕ್ಕಳಿಲ್ಲದ ಇವರ ಮಡಿಲಿಗೆ ಮಗು ಬಂತು.

"ಹಂಗಾದ್ರೆ ನಿಮ್ಗೆ ಮೊದ್ಲೇ ಗೊತ್ತಿತ್ತು," ಎಂದೆ. ನನ್ನ ದನಿ ಗಡುಸಾಗಿಯೇ ಇತ್ತು. "ಗೊತ್ತಿದ್ದೂ ಅವಳಿಗೆ ನಿಮ್ಮ ಮಾತ್ರೆ ನುಂಗಿಸ್ತಾ ಕೂತಿದ್ರಾ?"

"ಅವ್ಳ ಕೆನ್ನೆ ಮೊದಲ್ನೇ ಸಲ ಕೆಂಪಗಾದ ದಿನದಿಂದ ಗೊತ್ತು ಕಣ್ರೀ. ಎದೇಲಿ ಕಲ್ಲಿಟ್ಕೊಂಡಂಗೆ ಇದೀನಿ. ನಂದು ನಂದು ಅಂತ ಯಾಕೆ ಕೂಗಾಡ್ತಿದ್ದೆ ಅಂತೀರಾ? ಹೆತ್ತೋಳು ಇಪ್ಪತ್ತೆರಡಕ್ಕೇ ಹೋದ್ಲು, ಅವ್ಳದಾಗಿದ್ರೆ ಇವ್ಳೂ ಅಂಗೇ ಹೋಗ್ಬುಡ್ತಾಳೆ. ನಂದಾಗಿದ್ರೆ ಎಪ್ಪತ್ತು ವರ್ಷ ಬದುಕ್ತಾಳೆ. ನಂದಾಗ್ಲಿ ಶಿವನೇ, ನಂದಾಗ್ಲಿ ಅಂತ ದಿನಾ ಲಿಂಗ ಹಿಡ್ಕೊಂಡು ಕೇಳ್ತಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅಳು ಬಂತು. ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಇದೊಂದು ಅವ್ಳಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಾನು ಅವ್ಳಿಗೆ ಯಾರು?" ಎಂದರು. ನಾನು ಕಾರು ತಿರುಗಿಸಿದೆ. ಡಾಕ್ಟರ ಕೋಣೆಗೆ ಅವರೊಬ್ಬರೇ ಹೋದರು. ಹೊರಗೆ ಬಂದಾಗ ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. "ಮಗ್ಳಿಗೆ ಹೇಳಲ್ಲ ಅಂದ್ರು. ಆದ್ರೆ ಬಯಾಪ್ಸಿ ಈ ವಾರಾನೇ ಆಗ್ಬೇಕಂತೆ" ಎಂದರು.

ಆ ಸಂಜೆ ಮಗಳು ಅಂಗಡಿ ಮುಚ್ಚಿ ಬಂದಾಗ ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ಓನರಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ, "ಆ ಸೂಜಿ ಚುಚ್ಚಿಸ್ಕೊಂಡ್ಬುಡು. ಡಾಕ್ಟ್ರು ಓದಿದೋರು, ಸುಮ್ನೆ ಹೇಳಿರಲ್ಲ" ಎಂದರು. ಮಗಳು ತಾಯಿಯ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಯಾಕೆ ಮನಸ್ಸು ಬದಲಾಯಿತು ಎಂದು ಕೇಳಲಿಲ್ಲ. "ಆಯ್ತಮ್ಮ" ಎಂದು ಕೈಕಾಲು ತೊಳೆಯಲು ಹೋದಳು.

ಬಯಾಪ್ಸಿಯಲ್ಲಿ ಲೂಪಸ್ ಕಿಡ್ನಿಗೆ ಇಳಿದಿರುವುದು ಖಚಿತವಾಯಿತು. ಔಷಧ ಬದಲಾಯಿತು, ವರ್ಷಗಟ್ಟಲೆ ನಡೆಯಿತು. ಕೂದಲುದುರಿತು, ಮತ್ತೆ ಬಂತು. ಕಿಡ್ನಿ ಉಳಿಯಿತು. ಹೋದ ತಿಂಗಳು ತಾಯಿಯನ್ನು ಮಣ್ಣು ಮಾಡುವಾಗ ಅವಳು ತನ್ನ ಕಾಲ ಮೇಲೆ ತಾನು ನಿಂತು, ತಾನೇ ಮೊದಲ ಹಿಡಿ ವಿಭೂತಿ ಹಾಕಿದಳು. ಇದೆಲ್ಲ ಆಮೇಲಿನ ಮಾತು. ಓನರಮ್ಮ ಎಂದರೆ ನನ್ನ ಕಣ್ಣಮುಂದೆ ಬರುವುದು ಬಯಾಪ್ಸಿಯ ದಿನದ ಬೆಳಗು.

ಆಸ್ಪತ್ರೆಯಲ್ಲಿ ಮಗಳನ್ನು ಹಸಿರು ನಿಲುವಂಗಿ ತೊಡಿಸಿ ಮಂಚದ ಮೇಲೆ ಮಲಗಿಸಿದ್ದರು. ತಾಯಿ ಮಂಚದ ಕಂಬಿ ಹಿಡಿದು ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಸಿಸ್ಟರ್ ಒಬ್ಬರು ಬಂದು ಬೀಪಿ ನೋಡಿ, ಕೇಸ್ ಶೀಟ್ ತೆರೆದು, ಎಲ್ಲ ರೋಗಿಗಳಿಗೂ ಕೇಳುವಂತೆ ಕೇಳುತ್ತ ಹೋದರು. ಅಲರ್ಜಿ ಇದೆಯೇ, ಬೆಳಿಗ್ಗೆ ಏನಾದರೂ ತಿಂದಿರಾ. ಕೊನೆಗೆ, "ನಿಮ್ ತಾಯಿಗೆ ಬೀಪಿ, ಕಿಡ್ನಿ ತೊಂದ್ರೆ ಏನಾದ್ರೂ ಇತ್ತಾ?"

ಓನರಮ್ಮನ ಕೈ ಕಂಬಿಯ ಮೇಲೆ ಬಿಗಿಯಾಯಿತು. ಸುಳ್ಳು ಹೇಳಿದರೆ ಮಗಳ ಜೀವಕ್ಕೆ ಏನಾಗುವುದೋ ಎಂಬ ಭಯ; ನಿಜ ಹೇಳಿದರೆ ಮಗಳೇ ಇಲ್ಲವಾಗುವ ಭಯ. ನಾನು ಏನಾದರೂ ಹೇಳಿ ಮಾತು ತೇಲಿಸೋಣವೆಂದುಕೊಳ್ಳುವಷ್ಟರಲ್ಲಿ ಮಗಳೇ ಹೇಳಿದಳು:

"ಅಮ್ಮಂಗೆ ಬೀಪಿ ಇದೆ ಸಿಸ್ಟರ್. ಹೆತ್ತೋರಿಗೆ ಏನಿತ್ತು ಅಂತ ನಂಗೊತ್ತಿಲ್ಲ. ನಮ್ಮಮ್ಮಂಗೆ ಗೊತ್ತಿರುತ್ತೆ. ಇಲ್ಲೇ ನಿಂತಿದಾರಲ್ಲ, ಕೇಳಿ."

ಸಿಸ್ಟರ್‌ಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಓನರಮ್ಮ ಮಗಳ ಮುಖಕ್ಕೆ ಬಗ್ಗಿದರು. "ನಿಂಗೆ... ಯಾವಾಗಿಂದ?"

"ಮಿಡ್ಲ್ ಸ್ಕೂಲಲ್ಲಿದ್ದಾಗಿಂದ. ಯಾರ್ದೋ ಮದುವೇಲಿ ಯಾರೋ ಅಂದ್ರು."

"ಮತ್ತೆ ಡಾಕ್ಟ್ರು ಅಷ್ಟು ಸಲ ಕೇಳ್ದಾಗ ಬಾಯಲ್ಲೇನು ಕಡುಬು ಇತ್ತಾ? ಹೇಳ್ಬಾರ್ದಾಗಿತ್ತಾ?"

"ಎಂಗಮ್ಮ ಹೇಳ್ಲಿ? ನಂದೇ ಬಂದಿರೋದು ಅಂತ ನೀನು ಅಷ್ಟು ಖುಷೀಲಿ ಹೇಳ್ತಿದ್ದೆ. ಇಲ್ಲ ಅಂದ್ರೆ ನಿಂಗೆ ನೋವಾಗ್ತಿತ್ತು."

ಆಗ ಓನರಮ್ಮನಿಗೆ ಬಂದ ಸಿಟ್ಟನ್ನು ನಾನು ಎಂದೂ ಕಂಡಿರಲಿಲ್ಲ. ಮಲಗಿದ್ದ ಮಗಳ ತೋಳಿಗೆ ಪಟಾರನೆ ಒಂದು ಬಿಗಿದರು. "ಅಯ್ಯೋ ಮುಂಡೇದೇ! ನಂಗೆ ನೋವಾಗ್ತಿತ್ತು ಅಂತ ನಿನ್ನ ಕಿಡ್ನಿ ಕಳ್ಕೊಳ್ಳೋಕೆ ಕೂತಿದ್ಯಲ್ಲೇ! ನೀನು ಹೋದ್ಮೇಲೆ ನಾನ್ಯಾವ ಖುಷಿ ಇಟ್ಕೊಂಡು ಯಾರ ಮುಂದೆ ಕುಣೀಲೇ!" ಬೈಯುತ್ತ ಬೈಯುತ್ತಲೇ ಹೊಡೆದ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜತೊಡಗಿದರು. ಈಗ ಅವರು ಅಳುತ್ತಿದ್ದರು. ಮಗಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಅಮ್ಮಾ, ಅಮ್ಮಾ, ಕೂಗ್ಬೇಡಿ, ಪೇಶೆಂಟ್‌ಗೆ ಬೀಪಿ ಏರುತ್ತೆ," ಎಂದು ಸಿಸ್ಟರ್ ಗಾಬರಿಯಾದರು. "ಮೊದ್ಲು ಇದಕ್ಕೆ ಏನು ಬರೀಲಿ ಹೇಳಿ. ಇವ್ರ ತಾಯಿ ಯಾರು?"

ಓನರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತರು. ಮಗಳ ತೋಳನ್ನು ಮಾತ್ರ ಬಿಡಲಿಲ್ಲ.

"ಬರ್ಕೊ ತಾಯಿ," ಎಂದರು. "ಇವ್ಳಿಗೆ ಅಮ್ಮಂದ್ರು ಇಬ್ರು. ಒಬ್ಳು ಕಿಡ್ನಿ ಕೆಟ್ಟು ಇಪ್ಪತ್ತೆರಡಕ್ಕೇ ಹೋದ್ಲು. ಇನ್ನೊಬ್ಳಿಗೆ ಬೀಪಿ. ಎರಡೂ ಬರ್ಕೊ."

ಸಿಸ್ಟರ್ ಪೆನ್ನು ಹಿಡಿದುಕೊಂಡು ಒಂದು ಗಳಿಗೆ ನಮ್ಮ ಮೂವರ ಮುಖವನ್ನೂ ನೋಡಿದರು. ಆಮೇಲೆ ಎರಡನ್ನೂ ಬರೆದುಕೊಂಡರು.